ಹಣಮವ್ವನ ದಡಿಯಲ್ಲಿ ಬಂದ ಆನೆಗಳು

ಮುಧೋಳದ ಬಸ್ಸಿನಲ್ಲಿ ನಿಂತೇ ಬಂದು ಬನಹಟ್ಟಿಯಲ್ಲಿ ಇಳಿಯುವಷ್ಟರಲ್ಲಿ ವೈಶಾಲಿಗೆ ಸಾಕುಸಾಕಾಗಿತ್ತು. ಕಂಪ್ಯೂಟರ್ ಜಕಾರ್ಡ್ ಮಗ್ಗಗಳಿಗೆ ಡ್ರೈವರ್ ಬರೆಯುವುದು ಅವಳ ಕೆಲಸ. ಪರದೆಯ ಮೇಲಿನ ಡಿಸೈನನ್ನು ಮಗ್ಗ ನಡೆಸುವ ಎಲೆಕ್ಟ್ರಾನಿಕ್ ಕಾರ್ಡಿಗೆ ಮುಟ್ಟಿಸುವ ಪ್ರೋಗ್ರಾಂ ಅದು. ಒಂದೇ ದೂರಿಗೆ ಈ ತಿಂಗಳು ಮತ್ತೆ ಮತ್ತೆ ಬಂದಿದ್ದಳು.

ಮಗ್ಗಗಳ ಮಾಲಕ ಚಿದಾನಂದ, ಹಣಮವ್ವ ನೇಯ್ದ ಸೀರೆ ಹಾಸಿ ತೋರಿಸಿದ. ಅಂಚಿನ ಉದ್ದಕ್ಕೂ ಇದ್ದ ಕಮಲದ ದಡಿಯ ನಡುವೆ ಗೇಣುದ್ದ ಆನೆಗಳು. ಆನೆ ಪಕ್ಕದ ಮಗ್ಗದ ಡಿಸೈನು. ಎರಡಕ್ಕೂ ಇದ್ದದ್ದು ಒಂದೇ ಕಂಪ್ಯೂಟರ್, ಅದರಲ್ಲಿ ಮಗ್ಗಕ್ಕೊಂದು ಪ್ರೋಗ್ರಾಂ.

"ಹಣಮವ್ವನ ಕೈ ಸುಮ್ಮನಿರೂದಿಲ್ರೀ ಮೇಡಮ್, ಏನರ ಒತ್ತತಾಳ. ಅದಕ್ಕ ಆಕೀನ್ನ ಮಗ್ಗ ಬಿಡಿಸಿ ಕಂಡಿಕಿ ಸುತ್ತಾಕ ಹಚ್ಚೇನಿ."

ಮೂಲೆಯಲ್ಲಿ ಹಣಮವ್ವ ತಲೆ ಎತ್ತದೆ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಹುಡುಗಿಯಾಗಿದ್ದಾಗಿಂದ ಮಗ್ಗದ ಮುಂದೆಯೇ ಕಾಲ ಕಳೆದವಳು. ಹೋದ ಸಲ ಚಿದಾನಂದ ಇದೇ ಮಾತಾಡಿದಾಗ, ತಾನು ಏನೂ ಒತ್ತಿಲ್ಲವೆಂದು ಹಣಮವ್ವ ಹೇಳಿದರೂ, ಅವಳದೇ ತಪ್ಪಿರಬಹುದು ಎಂದು ವೈಶಾಲಿಯೂ ತಲೆಯಾಡಿಸಿ ಹೊರಟುಹೋಗಿದ್ದಳು.

ಈ ಸಲ ಕೂತು ನೋಡಿದಳು. ಒಂದೇ ಮಗ್ಗ ನಡೆದಾಗ ಕಮಲ ಕಮಲವಾಗಿಯೇ ಇತ್ತು. ಎರಡೂ ನಡೆದಾಗ ಮಾತ್ರ ಒಮ್ಮೊಮ್ಮೆ ಆನೆ ನುಗ್ಗುತ್ತಿತ್ತು. ಡ್ರೈವರಿನ ಸಾಲುಗಳನ್ನು ಓದುತ್ತ ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ತಪ್ಪು ನಮ್ಮದರಿ," ಎಂದಳು.

"ಅಂದ್ರ?"

"ಡಿಸೈನು ಮೆಮರಿಯೊಳಗ ಎಲ್ಲೈತಿ ಅನ್ನೂದನ್ನಷ್ಟ ಡ್ರೈವರ್ ಬರಕೊಂಡೈತಿ. ಯಾವ ಪ್ರೋಗ್ರಾಮಿನ ಮೆಮರಿ ಅನ್ನೂದನ್ನ ಬರಕೊಂಡಿಲ್ಲ. ಓಣಿ ಹೆಸರು ಬಿಟ್ಟು ಮನಿ ನಂಬರಷ್ಟ ಬರಕೊಂಡಂಗ. ಅದ ನಂಬರಿನ ಮನಿ ಎರಡೂ ಓಣಿಯಾಗ ಐತಿ. ಕಮಲ ತರಾಕ ಹೋಗಿದ್ದು, ಆಗ ನಡದಿದ್ದ ಪ್ರೋಗ್ರಾಮಿನ ಓಣಿ ಹೊಕ್ಕು ಆನಿ ತಂದೈತಿ."

ಚಿದಾನಂದ ಕುತ್ತಿಗೆ ತಿಕ್ಕಿಕೊಂಡ.

ವೈಶಾಲಿ ಡ್ರೈವರ್ ತಿದ್ದಲು ಕೂತಳು. ಯಾವ ಪ್ರೋಗ್ರಾಂ ಕಾರ್ಡನ್ನು ತೆರೆಯುತ್ತದೋ ಅದರ ಮೆಮರಿಯ ಜೊತೆಗೇ ಆ ಮಗ್ಗದ ಲೆಕ್ಕ ಗಂಟು ಬೀಳಬೇಕು. ಪ್ರೋಗ್ರಾಂ ಮುಗಿದಾಗ ಗಂಟೂ ಬಿಚ್ಚಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ಕಾರ್ಡು ಇನ್ನೂ ಓದುತ್ತಿರುವಾಗಲೇ ಮೆಮರಿ ಬಿಟ್ಟುಕೊಟ್ಟದ್ದಕ್ಕೆ ಕಂಪ್ಯೂಟರ್ ಸತ್ತಂತೆ ನಿಂತುಬಿಟ್ಟಿತು. ಮತ್ತೆ ಚಾಲೂ ಮಾಡಿದಳು. ಮೊದಲು ಕಾರ್ಡು ನಿಲ್ಲಲಿ, ಆಮೇಲೆ ಮೆಮರಿ ಹೋಗಲಿ ಎಂದು ಕ್ರಮ ಬದಲಿಸಿದಳು. ಚಹಾ ಆರಿಹೋಯಿತು, ಬೆನ್ನು ಸೆಟೆದುಕೊಂಡಿತು. ಸಂಜೆಯ ಹೊತ್ತಿಗೆ ಎರಡೂ ಮಗ್ಗ ಜೊತೆಗೆ ನಡೆದವು. ಆನೆ ಕಮಲದ ಹತ್ತಿರ ಸುಳಿಯಲಿಲ್ಲ.

"ಹಣಮವ್ವಾ, ಬಾ ಬೇ, ಮಗ್ಗ ಹಿಡಿ," ಎಂದು ಚಿದಾನಂದ ಕರೆದ.

ಅವಳು ಏಳಲಿಲ್ಲ. "ಬೈಯುವಾಗ ಎಲ್ಲಾರ ಮುಂದ ಬೈದ್ರಿ. ತಪ್ಪಿಲ್ಲ ಅನ್ನೂದನ್ನೂ ಎಲ್ಲಾರ ಮುಂದ ಹೇಳ್ರಿ."

ಚಿದಾನಂದ ವೈಶಾಲಿಯತ್ತ ನೋಡಿದ. ಅವಳು ಅವನ ನೆರವಿಗೆ ಹೋಗಲಿಲ್ಲ. ಕಡೆಗೆ ಅವನು ಮಗ್ಗಗಳನ್ನೆಲ್ಲ ಬಂದ್ ಮಾಡಿಸಿದ. ಆ ಮೌನದಲ್ಲಿ ಅವನ ದನಿ ಸಣ್ಣದಾಗಿ ಕೇಳಿಸಿತು: "ಹಣಮವ್ವಂದು ಏನೂ ತಪ್ಪಿಲ್ಲ. ಮಶೀನಿಂದು ಇತ್ತು."

"ನಾನೂ ನಿಮ್ಮ ಮಾತು ಕೇಳಲಿಲ್ರಿ, ಯಕ್ಕಾ," ಎಂದಳು ವೈಶಾಲಿ.

"ಹೌದು, ಕೇಳಲಿಲ್ಲ," ಎಂದು ಹಣಮವ್ವ ಎದ್ದಳು. ಸೆರಗು ಸಿಕ್ಕಿಸಿ, ಎಳೆಗಳ ಮೇಲೆ ಕೈಯಾಡಿಸಿ, ಮಗ್ಗ ಚಾಲೂ ಮಾಡಿದಳು. ಮುಖದಲ್ಲಿ ನಗುವೇನೂ ಬರಲಿಲ್ಲ.

ವೈಶಾಲಿ ನೂಲಿನ ಚೀಲಕ್ಕೆ ಒರಗಿ ಕೂತಳು. ಅಷ್ಟು ಸದ್ದಿನೊಳಗೂ ಅವಳ ಕಣ್ಣುಗಳು ನಿದ್ದೆಗೆ ಎಳೆಯತೊಡಗಿದವು.