ಸಂಕಲ್ಪಕ್ಕೆ ಮುಂಚಿನ ಫೋನು

ಇಂದುವಿನ ಮಾತು ನಂಬಿ ಕೊಡೆ ಹಿಡಿದು ಹೋದವರು ಬಿಸಿಲಲ್ಲಿ ಬೆಂದರು ಎನ್ನುವುದು ಅವಳ ಗಂಡನ ಮನೆಯಲ್ಲಿ ಗಾದೆಯೇ ಆಗಿಹೋಗಿತ್ತು. ಹವಾಮಾನ ಇಲಾಖೆಯಲ್ಲಿ ಕೆಲಸ ಮಾಡುವ ಸೊಸೆ ಸಿಕ್ಕರೆ ಯಾರು ತಾನೇ ಸುಮ್ಮನೆ ಬಿಟ್ಟಾರು? ಹೋದ ವರ್ಷ ನಾದಿನಿಯ ಸೀಮಂತವನ್ನು ಅವಳ ಮಾತು ಕೇಳಿಕೊಂಡು ಪಾರ್ಕಿನಿಂದ ಹಾಲ್‌ಗೆ ಬದಲಾಯಿಸಿದ್ದರು. ಅವತ್ತು ಸಿಡ್ನಿಯ ಆಕಾಶದಲ್ಲಿ ಔಷಧಿಗೆಂದರೂ ಒಂದು ಮೋಡವಿರಲಿಲ್ಲ. ಎಪ್ಪತ್ತು ಪರ್ಸೆಂಟ್ ಮಳೆ ಎಂದರೆ ಮೂವತ್ತು ಪರ್ಸೆಂಟ್ ಬಿಸಿಲು ಎಂದೂ ಅರ್ಥವಲ್ಲವೇ ಎಂದು ಅವಳು ಎಷ್ಟು ಬಡಕೊಂಡರೂ ಯಾರ ಕಿವಿಗೂ ಹೋಗಲಿಲ್ಲ. ಲೆಕ್ಕ ಯಾರಿಗೆ ಬೇಕು, ನಗುವುದಕ್ಕೊಂದು ನೆಪ ಸಿಕ್ಕಿತ್ತಲ್ಲ.

೨೦೦೭ರ ಡಿಸೆಂಬರಿನ ಆ ಭಾನುವಾರ ಮಧ್ಯಾಹ್ನ ಅವಳು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್ ಕಚೇರಿಯಲ್ಲಿ ಡ್ಯೂಟಿಯಲ್ಲಿದ್ದಳು. ಗಂಡ ಹೃಷಿಕೇಶ್ ಏಳು ವರ್ಷದ ಮಗಳು ಅಪೇಕ್ಷಾಳನ್ನು, ಮನೆಯವರ ಅಪ್ಪುವನ್ನು, ಕರೆದುಕೊಂಡು ಸಿಡ್ನಿಗೆ ಹೋಗಿದ್ದ. ಪ್ಯಾರಮಟ್ಟಾದಲ್ಲಿ ಮಾವನ ಮನೆಯ ಹಿತ್ತಲಿನಲ್ಲಿ ಸತ್ಯನಾರಾಯಣ ಪೂಜೆ, ಬಂದವರಿಗೆಲ್ಲ ನೆರಳಾಗುವಂಥ ಶಾಮಿಯಾನ. ಸಿಡ್ನಿಯ ಗಾಳಿಮಳೆ ಇಂದುವಿನ ಪಾಲಿಗೆ ಬರುವ ಕೆಲಸವಲ್ಲ, ಅದಕ್ಕೆ ಅಲ್ಲಿಯವರೇ ಇದ್ದಾರೆ. ಆದರೆ ಕರುಳು ಕೇಳಬೇಕಲ್ಲ. ಪಕ್ಕದ ಪರದೆಯಲ್ಲಿ ಅಲ್ಲಿಯ ರೇಡಾರ್ ಚಿತ್ರ ತೆರೆದಿಟ್ಟುಕೊಂಡಿದ್ದಳು.

ಪಶ್ಚಿಮದ ಬೆಟ್ಟ ಇಳಿದು ಬಂದ ಮೋಡವೊಂದು ಜೊತೆಯವುಗಳನ್ನು ಬಿಟ್ಟು ತನ್ನದೇ ದಾರಿ ಹಿಡಿದಿತ್ತು. ನೋಡನೋಡುತ್ತಿದ್ದಂತೆ ಅದರ ಬಾಲ ಕುಡುಗೋಲಿನ ಹಾಗೆ ಬಾಗಿತು. ಒಳಗೆ ಗಾಳಿ ಗಿರಗಿರನೆ ಸುತ್ತುತ್ತಿದೆ, ಸುಂಟರಗಾಳಿಯಾಗಿ ನೆಲಕ್ಕಿಳಿದರೂ ಇಳಿದೀತು ಎನ್ನುವುದರ ಗುರುತು ಅದು. ಬಾಗಿದ ತುದಿ ಹೊರಟಿದ್ದು ನೇರ ಪ್ಯಾರಮಟ್ಟಾದ ಕಡೆಗೆ. ಸಿಡ್ನಿಯವರು ಎಚ್ಚರಿಕೆಯನ್ನು ಆಗಲೇ ಹೊರಡಿಸಿದ್ದರು, ರೇಡಿಯೋದಲ್ಲಿ ಓದುತ್ತಲೂ ಇದ್ದರು. ಆದರೆ ಪೂಜೆಯ ಹೊತ್ತಿನಲ್ಲಿ ರೇಡಿಯೋ ಹಾಕುವವರು ಯಾರು? ಮೊಬೈಲುಗಳಂತೂ ಮಾವ ವೆಂಕಟರಾಮರ ಕಟ್ಟಪ್ಪಣೆಯಂತೆ ಆಫ್ ಆಗಿ ಒಂದು ಬುಟ್ಟಿಯಲ್ಲಿ ಮಲಗಿದ್ದವು. ಮೈಸೂರಿನಲ್ಲಿ ಎಂಜಿನಿಯರಿಂಗ್ ಪ್ರೊಫೆಸರ್ ಆಗಿದ್ದವರು, ಮಂತ್ರದ ಮಧ್ಯೆ ಫೋನ್ ಕಿರುಚಿದರೆ ದೂರ್ವಾಸರಾಗುತ್ತಿದ್ದರು.

ಉಳಿದಿದ್ದು ಅಡುಗೆಮನೆಯ ಲ್ಯಾಂಡ್‌ಲೈನ್ ಒಂದೇ. ಎತ್ತಿದ್ದು ಹೃಷಿಕೇಶ್.

"ಹೃಷಿ, ಎಲ್ರನ್ನೂ ಮನೆಯೊಳಗೆ ಕರ್ಕೊಂಡ್ಬಿಡು. ಟೊರ್ನಾಡೋ ಆಗೋ ಚಾನ್ಸ್ ಇದೆ. ಅರ್ಧ ಗಂಟೆನೂ ಇಲ್ಲ."

"ಎಷ್ಟು ಚಾನ್ಸು, ಸೆವೆಂಟಿ ಪರ್ಸೆಂಟಾ?" ಅವನು ನಕ್ಕ. "ಇಲ್ಲಿ ಬಿಸಿಲು ಸುಡ್ತಿದೆ ಕಣೇ. ಭಟ್ರು ಬಂದು ಕೂತಿದಾರೆ. ಈಗ ಹೋಗಿ ಅಪ್ಪಂಗೆ ಏಳಿ ಅಂದ್ರೆ ನನ್ನನ್ನೇ ನೈವೇದ್ಯ ಮಾಡ್ತಾರೆ. ಮೋಡ ಕಪ್ಪಾಗ್ಲಿ, ಆಮೇಲೆ ನೋಡೋಣ."

"ಕಪ್ಪಾದ್ಮೇಲೆ ಟೈಮ್ ಇರಲ್ಲ ಹೃಷಿ! ಅಪ್ಪು ಎಲ್ಲಿದಾಳೆ?"

"ಶಾಮಿಯಾನದ ಕಂಬ ತಬ್ಕೊಂಡು ಕೂತಿದಾಳೆ, ಪ್ರಸಾದ ಯಾವಾಗ ಅಂತ. ಸಂಕಲ್ಪಕ್ಕೆ ಎಲ್ಲಾ ಜೋಡಿಸ್ತಿದಾರೆ, ಇಡ್ತೀನಿ."

ಆ ಕಂಬ ಕಬ್ಬಿಣದ್ದು. ಬಿರುಗಾಳಿಗೆ ಸಿಕ್ಕ ಶಾಮಿಯಾನದ ಕಂಬ ಏನು ಮಾಡುತ್ತದೆ ಎಂಬುದರ ಫೋಟೋಗಳನ್ನು ಅವಳು ಕೆಲಸದಲ್ಲಿ ನೋಡಿದ್ದಳು. ಸತ್ಯ ಹೇಳಿ ಆಗಿತ್ತು, ಅದು ಅಡುಗೆಮನೆ ದಾಟಲಿಲ್ಲ.

ಆಗ ಹೊಳೆದದ್ದು ಸೂತಕ. ಮಾವನೇ ಒಮ್ಮೆ ಹೇಳಿಕೊಟ್ಟಿದ್ದರು: ಸಂಕಲ್ಪ ಆದ ಮೇಲೆ ಸೂತಕ ತಟ್ಟುವುದಿಲ್ಲ, ಆಗುವುದಕ್ಕೆ ಮುಂಚೆ ದಾಯಾದಿಯ ಸಾವಿನ ಸುದ್ದಿ ಬಂದರೆ ಪೂಜೆಯನ್ನು ಅಲ್ಲಿಗೇ ಬಿಟ್ಟೆದ್ದು ತಲೆಗೆ ನೀರು ಹಾಕಿಕೊಳ್ಳಬೇಕು. ಸುಂಟರಗಾಳಿಗೆ ಏಳದ ಮನೆ ಸೂತಕಕ್ಕೆ ಎದ್ದೇ ಏಳುತ್ತದೆ.

ಸರಿ, ಸಾಯಿಸುವುದು ಯಾರನ್ನು? ಮೈಸೂರಿನಲ್ಲಿ ಮಾವನ ಅಣ್ಣ ತ್ರಿವಿಕ್ರಮ ಇದ್ದರು. ಅವಳ ಮದುವೆಯಲ್ಲಿ ಎಲೆಯ ಮುಂದೆ ಬಂದು ನಿಂತು, ಬೇಡ ಬೇಡವೆಂದರೂ ಇನ್ನೊಂದು ಹೋಳಿಗೆ ಹಾಕಿಸಿದ್ದ ಜೀವ. ಕ್ಷಮಿಸಿಬಿಡಿ ದೊಡ್ಡ ಮಾವ ಎಂದುಕೊಳ್ಳುತ್ತ ಮತ್ತೆ ನಂಬರ್ ಒತ್ತಿದಳು. ಯಾರೋ ಹೆಂಗಸರು ಎತ್ತಿದರು. ಸಾವಿನ ಸುದ್ದಿ, ಮಾವನನ್ನೇ ಕರೆಯಿರಿ ಎಂದಳು.

"ಏನಮ್ಮಾ?"

"ಮಾವಾ, ಸಂಕಲ್ಪ ಆಯ್ತಾ?"

"ಇನ್ನೂ ಇಲ್ಲ. ಅಕ್ಷತೆ ಕೈಲೇ ಇದೆ."

"ಮೈಸೂರಿಂದ ಫೋನ್ ಬಂದಿತ್ತು. ದೊಡ್ಡ ಮಾವ... ಹೋಗ್ಬಿಟ್ರಂತೆ."



"ತ್ರಿವಿಕ್ರಮಣ್ಣನಾ? ಯಾವಾಗ?"

"ಈಗ... ಅಲ್ಲಿ ಬೆಳಿಗ್ಗೆ ಎದ್ದ ಕೂಡ್ಲೇ ಅಂತೆ."

ಮಾವ "ಸರಿ" ಎಂದು ಫೋನ್ ಇಟ್ಟರು.

ಇಟ್ಟ ಮೇಲೆ ಇಂದುವಿಗೆ ತಾನು ಮಾಡಿದ್ದರ ಅರಿವಾಯಿತು. ಎಂಥ ಕೆಲಸ ಮಾಡಿಬಿಟ್ಟೆ! ಸೂತಕದ ಮನೆಯಲ್ಲಿ ನೆಂಟರು ನಿಲ್ಲುತ್ತಾರೆಯೇ? ಅಷ್ಟೂ ಜನ ಮಕ್ಕಳು ಮರಿ ಕಟ್ಟಿಕೊಂಡು ಕಾರು ಹತ್ತಿ ನೇರ ಗಾಳಿಯ ಬಾಯಿಗೇ ಹೋಗುತ್ತಾರೆ. ಮತ್ತೆ ಫೋನ್ ಮಾಡಿದಳು. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ರಿಂಗೂ ಆಗಲಿಲ್ಲ. ಪರದೆಯ ಮೇಲೆ ಕುಡುಗೋಲು ಪ್ಯಾರಮಟ್ಟಾದ ಮೇಲೆ ಬಂದು ಕೂತಿತ್ತು. ಸಿಡ್ನಿಯ ಆ ಪರದೆಯನ್ನು ನೋಡುವುದು ಬಿಟ್ಟು ಅವಳು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಪಕ್ಕದ ಕುರ್ಚಿಯವನು ಟೀ ಬೇಕೇ ಎಂದು ಕೇಳಿದ್ದಕ್ಕೆ ಅವಳು ಅಳಲು ಶುರುಮಾಡಿದಳು.

ಕೊನೆಗೂ ಹೃಷಿಯ ಮೊಬೈಲಿನಿಂದ ಫೋನ್ ಬಂತು.

"ಎಲ್ರೂ ಇದೀವಿ," ಎಂದ. ಅವನ ದನಿ ಅವನದಾಗಿರಲಿಲ್ಲ. "ಶಾಮಿಯಾನ ಪಕ್ಕದ ಮನೆ ರೂಫ್ ದಾಟಿ ಹೋಯ್ತು ಕಣೇ. ಅಪ್ಪು ಹಿಡ್ಕೊಂಡಿದ್ದ ಕಂಬ ಬೇಲಿ ತೂರ್ಕೊಂಡು ನಿಂತಿದೆ. ಅವಳು ಬಾತ್‌ರೂಮಲ್ಲಿ ತಾತನ ತೊಡೆ ಮೇಲಿದ್ಲು."

"ಬಂದೋರು? ಕಾರು ಹತ್ತಲಿಲ್ವಾ?"

"ಎಲ್ಲಿ ಬಿಟ್ರು ಅಪ್ಪ! ಭಟ್ರ ಮುಂದೆ 'ಅಣ್ಣ ಹೋದ' ಅಂದ್ರು, ಜನ ಎದ್ರು. ಆದ್ರೆ ಗೇಟಿಗೆ ಅಡ್ಡ ನಿಂತು ಒಬ್ಬೊಬ್ಬರನ್ನೂ ಮನೆಯೊಳಕ್ಕೆ ತಳ್ಳಿದ್ರು. ಸೂತಕದ ಮನೆಯೊಳಕ್ಕೆ ಯಾರಾದ್ರೂ ಜನಾನ ತಳ್ತಾರಾ? ದುಃಖಕ್ಕೆ ತಲೆ ಕೆಟ್ಟಿದೆ ಅಂದ್ಕೊಂಡೆ. ತಗೋ, ಅವರೇ ಕೇಳ್ತಿದಾರೆ."

"ಮಾವಾ," ಎಂದಳು ಇಂದು, "ದೊಡ್ಡ ಮಾವಂಗೆ ಏನೂ ಆಗಿಲ್ಲ. ನಾನು ಸುಳ್ಳು..."

"ಗೊತ್ತಮ್ಮ. ಪೂಜೆಗೆ ಕೂತ್ಕೊಳೋ ಮುಂಚೆ ತಾನೇ ಅವನ ಹತ್ರ ಮಾತಾಡಿದ್ದೆ, ಎದ್ದು ಕಾಫಿನೂ ಕುಡಿದಾಗಿತ್ತು. ಪ್ರಸಾದದ ಸಪಾದಕ್ಕೆ ತುಪ್ಪದಲ್ಲಿ ಜಿಪುಣತನ ಮಾಡ್ಬೇಡ ಅಂತ ಬೈದ."

"ಗೊತ್ತಿದ್ದೂ ಎದ್ರಾ?"

"ಟೊರ್ನಾಡೋ ಅಂತಿದಾಳೆ ಅಂತ ಹೃಷಿ ನಗ್ತಾ ಬಂದು ಹೇಳಿದ. ನಾನೂ ನಕ್ಕೆ." ಮುದುಕರು ಉಸಿರೆಳೆದುಕೊಂಡರು. "ಎಪ್ಪತ್ತನ್ನ ಎಪ್ಪತ್ತೊಂದು ಅನ್ನೋಳಲ್ಲ ನೀನು. ಅಂಥೋಳು ಬದುಕಿರೋ ನನ್ನಣ್ಣನ್ನ ಸಾಯಿಸಿದ್ಲು ಅಂದ್ರೆ, ಬರ್ತಿರೋದು ಎಂಥ ಗಾಳಿ ಅಂತ ಅರ್ಥ ಆಯ್ತು. ಅವನ ಚಿಂತೆ ಬಿಡು, ಸತ್ತ ಸುದ್ದಿ ಹಬ್ಬಿದ್ರೆ ಆಯಸ್ಸು ಹೆಚ್ಚಾಗುತ್ತೆ."

ಇಂದು ಅಳುತ್ತಲೇ ನಕ್ಕಳು. ಮಾವ ನಗಲಿಲ್ಲ.

"ನಾನು ಮೊದಲನೇ ಫೋನಿಗೇ ಏಳ್ಬೇಕಿತ್ತಮ್ಮ," ಎಂದರು.