ಕಾಲ್ಗುಣದ ಲೆಕ್ಕ

"ಇನ್ನೊಂದು ಸುತ್ತು ಬಿಗಿ ಕಿಟ್ಟಿ, ತಲೆ ಎಡಕ್ಕೇ ವಾಲ್ತಾ ಇದೆ."

ಕಿಟ್ಟಿ ಪಂಚೆಯ ತುದಿಯನ್ನು ಕಿಟಕಿಯ ಸರಳಿಗೆ ಎಳೆದು ಕಟ್ಟಿದ. ತೀರಿಕೊಂಡಿದ್ದ ಗಂಗಾಧರಯ್ಯನವರು ರಾಜಾಜಿನಗರದ ತಮ್ಮ ಮನೆಯ ನಡುಮನೆಯಲ್ಲಿ, ಹಣೆ ತುಂಬ ವಿಭೂತಿ ಬಳಿಸಿಕೊಂಡು, ಕೊನೆಯ ಸಲ ನೆಟ್ಟಗೆ ಕೂರಬೇಕಿತ್ತು. ತಲೆ ಒಪ್ಪಲಿಲ್ಲ. ಸಂಜೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳುವಾಗಲೂ ಅವರು ಪ್ರಶ್ನೆ ಕೇಳಿ ಹೀಗೇ ಎಡಕ್ಕೆ ವಾಲುತ್ತಿದ್ದರು. ಉತ್ತರ ಬರುವತನಕ ನೆಟ್ಟಗಾಗುತ್ತಿರಲಿಲ್ಲ. ಅವರ ಹಳೆಯ ಶಿಷ್ಯ ಕಿಟ್ಟಿ, ಈಗ ವಿಜಯನಗರದಲ್ಲಿ ಬ್ಯಾಂಕ್ ಗುಮಾಸ್ತ, ಆ ವಾಲಾಟವನ್ನೂ ಮೂಗುದನಿಯನ್ನೂ ಅಣಕಿಸಿ ಕ್ಯಾಂಟೀನಿನಲ್ಲಿ ಪುಕ್ಕಟೆ ಕಾಫಿ ಕುಡಿದು ಬೆಳೆದವನು.

ಮಠದ ಅಯ್ಯನವರು ಬಂದು, ಪದ್ಧತಿಯಂತೆ, ತೀರಿಕೊಂಡವರ ತಲೆಯ ಮೇಲೆ ಪಾದವಿಟ್ಟು ಮಂತ್ರ ಹೇಳಿದರು. ಪಕ್ಕದ ಮನೆಯ ಸೀತಮ್ಮ ಸೆರಗಿನಿಂದ ಮೂಗೊರೆಸಿಕೊಂಡರು.

"ಈ ಪಾದ ಮೋಕ್ಷ ಕೊಡ್ತು. ಇನ್ನೊಂದು ಪಾದ ಆಗ್ಲೇ ಬಂದು ಕೆಲಸ ಮುಗಿಸಿತ್ತಲ್ಲ."

ಎಲ್ಲರ ಕಣ್ಣೂ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಸೊಸೆ ಗಿರಿಜಾಳ ಕಾಲುಂಗುರಕ್ಕೆ ಇಳಿದವು. ಅವಳು ಬಂದು ಇನ್ನೂ ವರ್ಷ ತುಂಬಿರಲಿಲ್ಲ.

"ಮಣ್ಣು ಮುಗಿದ್ಮೇಲೆ ಅವಳಣ್ಣ ಕರ್ಕೊಂಡು ಹೋಗ್ಲಿ ಬಿನ್ನಿಪೇಟೆಗೆ," ಅಂದರು ಅತ್ತೆ ಜಗದಾಂಬಾ. "ನನ್ನ ಮಗನಾದ್ರೂ ಉಳೀಲಿ."

ಮಗ ಚನ್ನವೀರ ಬಗ್ಗಿಸಿದ ತಲೆ ಎತ್ತಲಿಲ್ಲ. ಹಾಗೆ ತವರಿಗೆ ಹೋದವರು ಮರಳುವುದಿಲ್ಲ. ಗಿರಿಜಾಳ ಸೋದರತ್ತೆ ಹಾಗೆ ಬಂದವಳು, ಇವತ್ತಿಗೂ ಬಿನ್ನಿಪೇಟೆಯ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದಳು.

*

"ಕಾಲ್ಗುಣಾನಾ? ಕಾಲಿನ ರೋಗಕ್ಕೆ ಕೈಯೇ ಮದ್ದು ಕಣಮ್ಮ. ನಮ್ಮ ಸಂಖ್ಯಾಶಾಸ್ತ್ರದ ಕೈ-ಸ್ಕ್ವೇರ್ ಪರೀಕ್ಷೆ!"

ತಮ್ಮ ಮಾತಿಗೆ ತಾವೇ ನಕ್ಕು ಗಂಗಾಧರಯ್ಯನವರು ಹಿತ್ತಿಲ ಚಪ್ಪಡಿಯ ಮೇಲೆ ರಂಗೋಲಿಪುಡಿಯಿಂದ ನಾಲ್ಕು ಚೌಕ ಹಾಕಿದರು. ಅವರು ತೀರಿಕೊಳ್ಳುವುದಕ್ಕೆ ಕೆಲವೇ ತಿಂಗಳು ಮುಂಚಿನ ಮಾತು, ಎಪ್ಪತ್ತೈದನೇ ಇಸವಿಯ ಅವರೆಕಾಯಿ ಕಾಲ. ಗಿರಿಜಾ ಸುಲಿಯುತ್ತಿದ್ದ ಕಾಳಿನ ಮೊರವನ್ನು ತಮ್ಮತ್ತ ಎಳೆದುಕೊಂಡರು.

"ಮನೆಗೊಂದು ಕಾಳು. ಈ ಸಾಲು ಹೊಸ ಸೊಸೆ ಬಂದ ಮನೆ, ಅದು ಬರದ ಮನೆ. ಈ ಕಡೆ ಸಾವಾಗಿದ್ದು, ಆ ಕಡೆ ಆಗದ್ದು. ಹೇಳ್ತಾ ಹೋಗು."

ಬೀದಿಯ ಮನೆಗಳೆಲ್ಲ ಕಾಳಾಗಿ ಕೂತವು.

"ಈಗ ಕಾಲ್ಗುಣ ಅನ್ನೋದೇ ಇಲ್ಲ ಅಂದ್ಕೋ. ಆಗ ಒಂದೊಂದ್ ಚೌಕದಲ್ಲಿ ಎಷ್ಟಿರ್ಬೇಕಿತ್ತು? ಇರೋದ್ರಲ್ಲಿ ಇರ್ಬೇಕಾದ್ದನ್ನ ಕಳಿ, ವರ್ಗ ಮಾಡು, ಇರ್ಬೇಕಾದ್ದರಿಂದ ಭಾಗಿಸು. ನಾಲ್ಕನ್ನೂ ಕೂಡು. ಕಾಲೇಜಲ್ಲಾಗಿದ್ರೆ ಹಿಡಿ ತಿರುಗ್ಸೋ ಲೆಕ್ಕದ ಮೆಷೀನು ಕರ್ ಕರ್ ಟಿಣ್ ಅಂದು ಕೊಟ್ಬಿಡೋದು."

ಗಿರಿಜಾ ಇದ್ದಿಲಿನಿಂದ ಚಪ್ಪಡಿಯ ಮೇಲೆಯೇ ಲೆಕ್ಕ ಮಾಡಿದಳು. ಮೊತ್ತ ಒಂದರವರೆಗೂ ಬರಲಿಲ್ಲ.

"ನಾಲ್ಕರ ಹತ್ರ ಹೋಗಿದ್ರೆ ಅನುಮಾನ ಪಡ್ಬಹುದಿತ್ತು. ಇದು ಬರೀ ಆಕಸ್ಮಿಕ." ಆಮೇಲೆ ಅವರು ತಮ್ಮ ಮನೆಯ ಕಾಳನ್ನು ಬೆರಳಿನಿಂದ ಸಾವಿನ ಚೌಕಕ್ಕೆ ಸರಿಸಿದರು. "ಹೀಗಾದ್ರೂ ಅಲ್ಲೀತಂಕ ಹೋಗಲ್ಲ. ನೋಡಿಟ್ಕೋ."

"ಬಿಡ್ತು ಅನ್ನಿ ಮಾವ!"

"ನನ್ನ ಹೃದಯದ ಕತೆ ಡಾಕ್ಟ್ರು ಹೋದ ವರ್ಷವೇ ಹೇಳಿದ್ರು, ನಿಮ್ಮತ್ತೆ ಎದುರಿಗೇ. ನಾನು ಕಣ್ಮುಚ್ಚೋ ಮುಂಚೆ ಮಗನ ಮದುವೆ ಆಗ್ಲಿ ಅಂತ ಅವಳೇ ಅವಸರ ಮಾಡಿದ್ಲು. ನೀನು ಬಂದು ಕಾಯಿಲೆ ಬರ್ಲಿಲ್ಲಮ್ಮ. ಕಾಯಿಲೆ ಬಂತು ಅಂತ್ಲೇ ನೀನು ಬಂದೆ. ನಿಮ್ಮಪ್ಪನಿಗೆ ಹೇಳದೆ ಮುಚ್ಚಿಟ್ಟಿದ್ದು ನಮ್ಮ ತಪ್ಪು."

*

"ಅತ್ತೆ," ಗಿರಿಜಾ ಒಂದು ಹೆಜ್ಜೆ ಮುಂದೆ ಬಂದಳು. "ಡಾಕ್ಟ್ರು ಮದುವೆಗೆ ಮುಂಚೇನೇ ಹೇಳಿದ್ರಲ್ಲ, ನಿಮ್ಮೆದುರಿಗೇ. ಒಂದ್ ಮಾತು ಹೇಳಿ."

ಹೆಣದ ಪಕ್ಕ ಕೂತಿದ್ದ ಜಗದಾಂಬಾ ಗೋಡೆಗೊರಗಿ ನಿಂತಿದ್ದ ಬೀಗರನ್ನು, ಗಿರಿಜಾಳ ಅಪ್ಪನನ್ನು, ಒಮ್ಮೆ ನೋಡಿದರು.

"ಯಾವ ಡಾಕ್ಟ್ರು? ಇವ್ರು ಗುಂಡುಕಲ್ಲಿನ ಹಾಗಿದ್ರು."

ಗಿರಿಜಾ ಹಿತ್ತಿಲಿಗೆ ಓಡಿದಳು. ಕಿಟ್ಟಿ ಹೆಣ ಕೂರಿಸಿ ಒಯ್ಯುವ ವಿಮಾನಕ್ಕೆ ಬಿದಿರು ಕಟ್ಟಲು ಹಗ್ಗ ಹುಡುಕುತ್ತಿದ್ದ.

"ಅಣ್ಣ, ನೀವು ಮಾವನವರ ಥರಾನೇ ಮಾತಾಡ್ತೀರಂತೆ. ಅವರೇ ಹೇಳ್ಕೊಂಡು ನಗ್ತಿದ್ರು. ಒಂದೇ ಸಲ, ಅವರು ಕ್ಲಾಸಲ್ಲಿ ಹೇಳ್ತಿದ್ದಿದ್ದನ್ನ ಅವರ ದನೀಲಿ ಹೇಳಿ. ನನ್ನ ಮಾತು ಯಾರೂ ಕೇಳ್ತಿಲ್ಲ."

"ಹೆಣದ ಮುಂದೆ ಮಿಮಿಕ್ರೀನಾ ತಾಯಿ?"

"ಕಾಲಿಗೆ ಬೀಳ್ತೀನಿ."

ಕಿಟ್ಟಿ ಒಳಬಂದು, ಗಂಟು ಸರಿಪಡಿಸುವವನಂತೆ ಮೇಷ್ಟ್ರ ಬೆನ್ನ ಹಿಂದೆ ಬಗ್ಗಿದ. ಅವನ ತಲೆ ತಾನಾಗಿ ಎಡಕ್ಕೆ ವಾಲಿತು.

"ಎರಡು ಒಟ್ಟೊಟ್ಟಿಗೆ ನಡೆದ್ರೆ ಒಂದು ಇನ್ನೊಂದನ್ನ ಎಳ್ಕೊಂಡು ಬಂತು ಅಂತಲ್ಲ ಕಣ್ರಯ್ಯಾ. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅನ್ನೋ ಮುದುಕಿ ಹಾಗಾಡ್ಬೇಡಿ."

ಅದೇ ಮೂಗುದನಿ, ಕೊನೆಗೆ ಅದೇ ಒಣಕೆಮ್ಮು. ಸೀತಮ್ಮನ ಕೈಯಿಂದ ಪತ್ರೆಯ ತಟ್ಟೆ ಬಿತ್ತು. ಜಗದಾಂಬಾ ಎದ್ದುನಿಂತರು.

"ರೀ?"

ಒಂದು ಗಳಿಗೆ, ಗಿರಿಜಾ ಕೇಳಿದ್ದ ಉತ್ತರ ಜಗದಾಂಬಾರ ತುಟಿಯವರೆಗೂ ಬಂದಿತ್ತು. ಗಿರಿಜಾ ಕೈಮುಗಿದು ಕಾದಳು. ಅಷ್ಟರಲ್ಲಿ ಕಿಟ್ಟಿಯ ಬೆನ್ನು ಅತ್ತೆಯ ಕಣ್ಣಿಗೆ ಬಿತ್ತು.

"ಇವಳೇ ಹೇಳ್ಕೊಟ್ಟಿದ್ದು! ಸತ್ತೋರ ಬಾಯನ್ನೂ ಬಿಡ್ಲಿಲ್ಲ. ನೋಡ್ಕೊಳ್ರಪ್ಪಾ ಇವಳ ಕಾಲ್ಗುಣಾನ!"

*

ರುದ್ರಭೂಮಿಯಿಂದ ಮರಳಿದವರು ಬಾಗಿಲಲ್ಲಿ ಕಾಲು ತೊಳೆದು, ಒಳಗೆ ಬಂದು ದೀಪ ನೋಡಿದರು. ಗಿರಿಜಾಳೂ ನೋಡಿದಳು. ಅಣ್ಣ ಟ್ರಂಕು ಎತ್ತಿಕೊಂಡ.

"ಒಂದ್ ತಿಂಗ್ಳು ಇದ್ದು ಬಾ," ಅಂದ ಚನ್ನವೀರ, ದೀಪಕ್ಕೆ ಹೇಳುವವನಂತೆ.

"ಕರೆಯೋಕೆ ಬರ್ತೀರಾ?"

ಕೇಳಿ, ತಲೆ ವಾಲಿಸಿ, ಅವಳು ಕಾದಳು. ಆಮೇಲೆ ಹೊಸ್ತಿಲು ದಾಟಿದಳು.

ಜಗದಾಂಬಾ ಹಳೇ ಸೀರೆಯ ತುಂಡನ್ನು ನೀರಿಗದ್ದಿ ಮಂಡಿಯೂರಿದರು. ಸೊಸೆಯ ಹೆಜ್ಜೆ ಒರೆಸಬೇಕಿತ್ತು. ಕೆಂಪು ಗಾರೆಯ ಮೇಲೆ ಬಂದವರ, ಹೋದವರ ಒದ್ದೆ ಪಾದಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದರ ಮುಂದೆ ಬಟ್ಟೆ ಹಿಡಿದು ತಡೆದರು, ಇನ್ನೊಂದರತ್ತ ಸರಿದರು. ಕೊನೆಗೆ ಹೊಸ್ತಿಲಿನಿಂದ ಕಿಟಕಿಯವರೆಗೆ, ಗಂಡ ಕೂತಿದ್ದ ಜಾಗವನ್ನೂ ಬಿಡದೆ, ನೆಲವನ್ನೆಲ್ಲ ಒರೆಸತೊಡಗಿದರು.