ಒಂದು ದಿನದ ಮುಯ್ಯಾಳು

ಆಟಿ ತಿಂಗಳು ಬಂದರೂ ಪುಂಜಾಲಕಟ್ಟೆಯ ಸರಸಕ್ಕನ ಗದ್ದೆಯಲ್ಲಿ ಭತ್ತದ ನೇಜಿ ನೆಡುವುದು ಮುಗಿದಿರಲಿಲ್ಲ. ಏಳು ಹೆಂಗಸರು ಬಗ್ಗಿ ನೆಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದರೆ ತ್ರಿಶಲಾ ಒಬ್ಬಳೇ ಇದ್ದಲ್ಲೇ ಉಳಿದಿದ್ದಳು. ಸೊಂಟ ಸೆಟೆದುಹೋಗಿತ್ತು. ಬಸದಿಯಲ್ಲಿ ಹೂ ಇಡುವ ಕೈಗೆ ಕೆಸರು ಯಾಕೆ ಬೇಕಿತ್ತೆಂದು ಪಕ್ಕದವಳು ಕೆಣಕಿದಳು. ಸರಸಕ್ಕ ನಗಲಿಲ್ಲ.

ತ್ರಿಶಲಾ ಮೂಡುಬಿದಿರೆಯ ಜೈನರ ಮನೆಯವಳು. ಇಪ್ಪತ್ತೈದಕ್ಕೇ ಗಂಡನನ್ನು ಕಳೆದುಕೊಂಡು, ಸೋದರಮಾವ ಮುನಿರಾಜರ ಅಡಿಗೆಮನೆಯಲ್ಲಿ ಎರಡು ವರ್ಷ ಹೊಗೆ ಕುಡಿದು, ಕೊನೆಗೆ ಗ್ರಾಮಸೇವಿಕೆಯ ತರಬೇತಿಗೆ ಸೇರಿದ್ದಳು. ಕಷ್ಟದಲ್ಲಿರುವ ಮೂರು ಸಂಸಾರಗಳನ್ನು ಕಂಡು, ಅವರ ಮಾತು ಕೇಳಿ, ವರದಿ ಬರೆದರೆ ಸರ್ಟಿಫಿಕೇಟು. ಇಲ್ಲವಾದರೆ ಮತ್ತೆ ಅದೇ ಒಲೆ.

ಎರಡು ವರದಿ ಆಗಿತ್ತು. ಮೂರನೆಯದಕ್ಕೆ ಊರೆಲ್ಲ ಅಲೆದು ಕಾಲು ಸೋತಿತ್ತು. ನೇಜಿ ಕೀಳುವ ಒಂದು ದಿನ ಸರಸಕ್ಕ ಕೆಲಸ ಬಿಟ್ಟು ಜಗಲಿಯಲ್ಲಿ ಕೂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ನಿಮ್ಮ ಒಂದು ದಿನ ಹಾಳು ಮಾಡಿದೆ, ಬದಲಿಗೆ ಒಂದು ದಿನ ಮುಯ್ಯಾಳಾಗಿ ಬಂದು ನೆಡುತ್ತೇನೆ ಎಂದು ತ್ರಿಶಲಾ ತಮಾಷೆಗೆ ಹೇಳಿದ್ದಳು.

ಫಾರಮಿನಲ್ಲಿ ಪ್ರಶ್ನೆ ಇತ್ತು: ಗಂಡ ಮನೆಯಲ್ಲಿ ಇದ್ದಾನೆಯೇ? ಇಲ್ಲ ಎಂದು ಬರೆದಳು. ಎಷ್ಟು ವರ್ಷದಿಂದ? ಆರು. ಎರಡೂ ನಿಜವೇ. ಇಲ್ಲಿಯ ಅಳಿಯಕಟ್ಟಿನ ಮನೆಗಳಲ್ಲಿ ಹೆಂಡತಿ ತಾಯಿಮನೆಯಲ್ಲೇ ಉಳಿಯುವುದುಂಟು, ಗಂಡ ಬಂದು ಹೋಗುವುದು. ಸರಸಕ್ಕನ ಗಂಡ ಸಂಕಪ್ಪನೂ ವೇಣೂರಿನ ಕಡೆ ತನ್ನ ತಾಯಿ, ಅಕ್ಕಂದಿರ ಸಾಗುವಳಿ ನೋಡಿಕೊಂಡು, ಮದುವೆಯಾದ ಆರು ವರ್ಷದಿಂದ ಪ್ರತಿ ಶನಿವಾರ ಸಂಜೆ ನಡೆದು ಬರುತ್ತಿದ್ದ. ತ್ರಿಶಲಾಳ ತಂದೆಯೂ ಹಾಗೇ ಬರುತ್ತಿದ್ದವರು. ಆದರೆ ಅದನ್ನು ಕೇಳುವ ಕಾಲಮ್ಮು ಫಾರಮಿನಲ್ಲಿ ಇರಲಿಲ್ಲ.

ಘಟ್ಟದ ಮೇಲಿನಿಂದ ಬಂದಿದ್ದ, ಇಲ್ಲಿಯ ಪದ್ಧತಿ ತಿಳಿಯದ ಮುಖ್ಯಸೇವಿಕೆ ಓದಿ, ಆರು ವರ್ಷದಿಂದ ಬಿಟ್ಟುಹೋದವನೇ ಎಂದು ಮರುಗಿದರು. ಅಲ್ಲ ಎನ್ನಲು ತ್ರಿಶಲಾಳಿಗೆ ಬಾಯಿ ಬರಲಿಲ್ಲ. ಅಲ್ಲವೆಂದರೆ ಇನ್ನೊಂದು ಸಂಸಾರ ಹುಡುಕಬೇಕು. ಆ ಶನಿವಾರವೇ ಜೀಪಿನಲ್ಲಿ ಬಂದ ಮುಖ್ಯಸೇವಿಕೆ, ದಾರಿಯಲ್ಲಿ ಹೋಗುವವನೇ ಸರಸಕ್ಕನ ಗಂಡನೆಂದು ಯಾರೋ ತೋರಿಸಲು, ರುಕ್ಮಯ್ಯನ ಹೋಟೆಲಿನ ಎದುರು ಸಂಕಪ್ಪನನ್ನು ನಿಲ್ಲಿಸಿ, ಹೆಂಡತಿಯನ್ನು ಬಿಟ್ಟದ್ದು ಸರಿಯೇ ಎಂದು ಕೇಳಿಯೇಬಿಟ್ಟರು. ಜೀಪು ಹೋದ ಮೇಲೆ ರುಕ್ಮಯ್ಯ ಚಾ ಕೊಡುತ್ತ ಹೇಳಿದ, "ಎಂತ ಸಂಕಪ್ಪಣ್ಣ, ನೀನು ಹೆಂಡತಿಯನ್ನು ಬಿಟ್ಟದ್ದು ಗೌರ್ಮೆಂಟಿಗೆ ಗೊತ್ತುಂಟು, ನಿನಗೇ ಗೊತ್ತಿಲ್ಲವಾ ಮಾರಾಯ?"

ಹೋಟೆಲೇ ನಕ್ಕಿತು. ಸಂಕಪ್ಪ ಚಾ ಬಿಟ್ಟು, ಬಂದ ದಾರಿಯಲ್ಲೇ ಹಿಂದೆ ಹೋದ. ಮೂರು ಶನಿವಾರ ಬರಲಿಲ್ಲ.

ತ್ರಿಶಲಾ ವೇಣೂರಿಗೆ ಹೋಗಿ ಅಂಗಳದಲ್ಲಿ ನಿಂತು ಕೈಮುಗಿದಳು. ಸಂಕಪ್ಪ ಹಾರೆ ಕೆಳಗಿಡಲಿಲ್ಲ. ನೀವು ಬರೆದದ್ದರಲ್ಲಿ ಸುಳ್ಳು ಏನುಂಟು ಎಂದಷ್ಟೇ ಕೇಳಿದ. ಆಮೇಲೆ ಅವಳು ಮುಖ್ಯಸೇವಿಕೆಗೆ ಎಲ್ಲ ಬಿಡಿಸಿ ಕಾಗದ ಬರೆದಳು. ಬಂದ ಉತ್ತರದಲ್ಲಿ, ಗಂಡ ಈಗ ಬರುವುದನ್ನೇ ನಿಲ್ಲಿಸಿದ್ದರಿಂದ ವರದಿ ಸರಿಯಾಗಿಯೇ ಇದೆ, ನೀವು ಪಾಸು ಎಂದಿತ್ತು.

ಆ ಕಾಗದ ಬಂದ ಮಾರನೆಯ ದಿನವೇ ಅವಳು ಸೀರೆ ಎತ್ತಿಕಟ್ಟಿ ಗದ್ದೆಗೆ ಇಳಿದದ್ದು. ಅದೂ ಶನಿವಾರವೇ.

ಕತ್ತಲಾಗುವ ಮೊದಲು ಕೊನೆಯ ಸಾಲು ಮುಗಿಯಿತು. ಉಳಿದವರು ತೋಡಿನಲ್ಲಿ ಕೈಕಾಲು ತೊಳೆದು ಹೊರಟರು. ಸರಸಕ್ಕ ಗದ್ದೆಯ ಹುಣಿಯ ಮೇಲೆ ನಿಂತು ವೇಣೂರಿನ ದಾರಿ ಒಮ್ಮೆ ನೋಡಿದಳು.

"ನಿಮ್ಮ ಒಂದಾಳು ಸಂದಿತು ಅಮ್ಮ. ನಾಳೆ ಬರುವುದು ಬೇಡ."

"ಸರಸಕ್ಕ, ಆ ವರದಿಯದ್ದು ಇನ್ನೊಂದು..."

"ಅದಕ್ಕೆ ಮುಯ್ಯಿ ಇಲ್ಲ." ಮನೆಯ ಕಡೆ ತಿರುಗಿ ಹೇಳಿದಳು, "ಹಂಡೆಯಲ್ಲಿ ನೀರು ಕಾದುಂಟು. ಶನಿವಾರ ಅಂತ ನನ್ನ ಅಮ್ಮ ಬೆಂಕಿ ಹಾಕಿಬಿಡ್ತಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ. ನೀವೇ ಮಿಂದು ಹೋಗಿ."

ತ್ರಿಶಲಾ ಕೆಸರುಗಾಲಲ್ಲೇ ಅವಳ ಹಿಂದೆ ನಡೆದಳು. ಬಚ್ಚಲಿಗೆ ಹೋಗಿ ಒಂದು ಚೊಂಬು ಎತ್ತಿ ಕಾಲಿಗೆ ಹೊಯ್ದುಕೊಂಡಳು. ಚರ್ಮ ಸುಲಿಯುವಷ್ಟು ಬಿಸಿ; ಸಂಕಪ್ಪನಿಗೆ ಅಷ್ಟು ಬಿಸಿ ಬೇಕಿತ್ತೋ ಏನೋ. ಬೆರೆಸಲು ತಣ್ಣೀರು ಇಟ್ಟಿರಲಿಲ್ಲ. ಚೊಂಬನ್ನು ಕೆಳಗಿಟ್ಟು, ಆರಲಿ ಎಂದು ಕಲ್ಲಿನ ಮೇಲೆ ಕೂತಳು.